ಮಜ್ಜಿಗೆ ಕ್ಯಾನಿನಲ್ಲಿ ರಬ್ಬರ್ ಹಾಲು

ಪಾಲಿಮರ್ ರಸಾಯನಶಾಸ್ತ್ರ ಕಲಿಸಿ ಮೂವತ್ತು ಚಿಲ್ಲರೆ ವರ್ಷ ಸಂಬಳ ತಿಂದ ಮೇಲೆ ನಾನು ನಿವೃತ್ತಳಾಗಿ ಕೊಪ್ಪಕ್ಕೆ ಬಂದೆ. ತಮ್ಮನ ಮನೆಯ ಮಹಡಿ ನನ್ನ ಪಾಲಿಗೆ ಬಿತ್ತು. ಮೊದಲ ವಾರವೇ ದಿನಸಿ ಅಂಗಡಿಯವರು ಬೆಲ್ಲ ಕಟ್ಟುತ್ತಾ ಕೇಳಿದರು, "ನೀವು ಕಾಲೇಜಲ್ಲಿ ಎಂತ ಕಲಿಸ್ತಿದ್ದದ್ದು?"

"ಪಾಲಿಮರ್."

"ಹಂಗಂದ್ರೆ?"

"ಪ್ಲಾಸ್ಟಿಕ್ಕು, ರಬ್ಬರು, ಅಂಟು, ಅಂಥದ್ದು."

"ಓ, ಪ್ಲಾಸ್ಟಿಕ್ ಬ್ಯಾನ್ ಮಾಡಿದ್ರಲ್ಲ, ಅದಕ್ಕೇ ಮನೆಗೆ ಕಳ್ಸಿದ್ರಾ ನಿಮ್ಮನ್ನ?" ಎಂದರು ಬಹಳ ಮರುಕದಿಂದ. ಬೆಲ್ಲವನ್ನು ಪೇಪರಿನಲ್ಲೇ ಕಟ್ಟಿಕೊಟ್ಟರು.

ನನ್ನ ಇಡೀ ವೃತ್ತಿಜೀವನಕ್ಕೆ ಸಿಕ್ಕ ಅತ್ಯಂತ ಚುಟುಕಾದ ವಿಮರ್ಶೆ ಅದು. ಅಲ್ಲಿಯವರೆಗೆ ನನ್ನ ಸಂಶೋಧನಾ ಲೇಖನಗಳನ್ನು ಪೂರ್ತಿ ಓದಿದವರು ಯಾರಾದರೂ ಇದ್ದರೆ ಅದು ನಾನೇ, ಅದೂ ಬರೆಯುವಾಗ. ರಬ್ಬರ್ ಹಾಲಿನ ಕಣಗಳು ಯಾಕೆ ಒಂದಕ್ಕೊಂದು ಅಂಟದೆ ತೇಲುತ್ತವೆ, ಯಾವಾಗ ಅಂಟಿಕೊಳ್ಳುತ್ತವೆ ಎನ್ನುವುದರ ಮೇಲೆ ಡಾಕ್ಟರೇಟು ಮಾಡಿದೆ. ಆಮೇಲೆ ಅದನ್ನೇ ಹಿಂದೆ ಮುಂದೆ ಮಾಡಿ ಮೂವತ್ತು ವರ್ಷ ಬರೆದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಾನು ಮಾಡಲಿರುವ ದಡ್ಡತನವನ್ನು ಮಾಡುವ ಹಕ್ಕು ಇಡೀ ಮೂರು ತಾಲ್ಲೂಕಿನಲ್ಲಿ ನನಗೊಬ್ಬಳಿಗೆ ಮಾತ್ರ ಇರಲಿಲ್ಲ.

ಮಕ್ಕಳಿಗೆ ವಿಜ್ಞಾನ ತೋರಿಸುವ ಹುಚ್ಚು ಹಿಡಿದದ್ದು ನೌಕರಿಯಲ್ಲಿದ್ದಾಗಲೇ. ಒಂದು ಹಳ್ಳಿ ಶಾಲೆಗೆ ಅತಿಥಿಯಾಗಿ ಹೋಗಿದ್ದೆ. ಪ್ರಯೋಗಾಲಯ ತೋರಿಸಿ ಅಂದೆ. ಮುಖ್ಯೋಪಾಧ್ಯಾಯರು ಬೀಗದ ಕೈ ಹುಡುಕಿಸಿ, ಒಂದು ಕಬ್ಬಿಣದ ಬೀರುವಿನ ಬಾಗಿಲು ತೆಗೆದರು. ಒಳಗಿದ್ದ ಸೂಕ್ಷ್ಮದರ್ಶಕದ ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರ. ಮಸೂರದ ಮೇಲೆ ಗಂಧ, ಅದರ ನಡುವೆ ಕುಂಕುಮ. ಪ್ರತಿ ವರ್ಷ ಆಯುಧಪೂಜೆಗೆ ಮಾತ್ರ ಅದನ್ನು ಹೊರಗೆ ತೆಗೆಯುತ್ತಾರಂತೆ. ಪೂಜೆ ಮಾಡಿ, ಮಂಗಳಾರತಿ ಎತ್ತಿ, ಮತ್ತೆ ಒಳಗಿಡುತ್ತಾರಂತೆ. "ಒಂದು ದಿನಾನೂ ಹಾಳಾಗಿಲ್ಲ ಮೇಡಂ" ಎಂದರು ಅವರು ಹೆಮ್ಮೆಯಿಂದ. ಹಾಳಾಗುವುದಕ್ಕೆ ಅದನ್ನು ಯಾರಾದರೂ ಮುಟ್ಟಬೇಕಲ್ಲ. ನಾನು ಸಿಟ್ಟಿನಲ್ಲಿ ನನ್ನ ಸೆರಗಿನಿಂದಲೇ ಕುಂಕುಮ ಒರೆಸಿ, ಅಂಗಳದ ಪಾಚಿ ತಂದು ಮಕ್ಕಳಿಗೆ ತೋರಿಸಿದೆ. ಕೆಂಪು ಪಾಚಿ ಕಂಡಿತು. ನನ್ನ ಒರೆಸುವಿಕೆ ಅಷ್ಟು ಚೆನ್ನಾಗಿತ್ತು.

ಅಲ್ಲಿಂದ ಶುರುವಾದದ್ದು ನಿಂತಿಲ್ಲ. ಬಿಡುವಿದ್ದಾಗಲೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಬಾಟಲಿ, ಬಲೂನು, ಲೋಟ, ದಾರ ತುಂಬಿಕೊಂಡು ಶಾಲೆಗಳಿಗೆ ಹೊರಡುತ್ತಿದ್ದೆ. ಬೀರುವಿನಲ್ಲಿ ಇರುವುದನ್ನು ಯಾರೂ ಮುಟ್ಟಗೊಡುವುದಿಲ್ಲವಾದ್ದರಿಂದ, ಒಡೆದರೂ ಯಾರೂ ಕೇಳದ ಸಾಮಾನು ನಾನೇ ತರುತ್ತಿದ್ದೆ. ನಿವೃತ್ತಿಯಾದ ಮೇಲಂತೂ ಅದೇ ಪೂರ್ಣಾವಧಿ ಕೆಲಸವಾಯಿತು. ಇವತ್ತು ಕೊಪ್ಪ, ನಾಳೆ ಶೃಂಗೇರಿ, ನಾಡಿದ್ದು ನರಸಿಂಹರಾಜಪುರ. ತಮ್ಮನ ಹೆಂಡತಿ ನನ್ನ ಟ್ರಂಕನ್ನು ನೋಡಿ, "ಅತ್ತಿಗೆ, ಪಾತ್ರೆ ವ್ಯಾಪಾರದವ್ರು ಅಂತ ಯಾರಾದ್ರೂ ಬಸ್ಸಲ್ಲಿ ಕೂದಲಿಗೆ ಪಾತ್ರೆ ಕೇಳ್ಯಾರು, ನೋಡ್ಕೊಳ್ಳಿ" ಎನ್ನುತ್ತಿದ್ದಳು.

ಶೃಂಗೇರಿ ಕಡೆಯ ಒಂದು ಪ್ರೌಢಶಾಲೆಯವರು ರಬ್ಬರಿನ ಬಗ್ಗೆ ಹೇಳಿ ಎಂದು ಕರೆದಾಗ ನನಗೆ ಹಬ್ಬ. ಮೂವತ್ತು ವರ್ಷ ನಂಬಿದ ದೇವರು ಕೊನೆಗೂ ಪ್ರತ್ಯಕ್ಷವಾದ ಹಾಗೆ ಆಯಿತು. ನಿಜವಾದ ರಬ್ಬರ್ ಹಾಲನ್ನೇ ತೋರಿಸಬೇಕು, ಮಕ್ಕಳ ಕಣ್ಣೆದುರೇ ಅದನ್ನು ರಬ್ಬರು ಮಾಡಬೇಕು ಎಂದುಕೊಂಡೆ. ನರಸಿಂಹರಾಜಪುರದ ಆಚೆ, ಭದ್ರಾ ಹಿನ್ನೀರಿನ ಕಡೆಗೆ, ಪರಿಚಯದವರ ಒಂದು ರಬ್ಬರ್ ತೋಟವಿದೆ. ಬೆಳಿಗ್ಗೆ ಕಾರಿನಲ್ಲಿ ಹೊರಟೆ. ಹಾಲು ತುಂಬಿಸಲು ಡಬ್ಬಿ ಬೇಕಲ್ಲ. ತಮ್ಮನ ಮನೆಯಲ್ಲಿ ಗಟ್ಟಿ ಮುಚ್ಚಳವಿರುವ ಒಂದೇ ಒಂದು ಸ್ಟೀಲ್ ಕ್ಯಾನು. ಕೆಲಸದವರಿಗೆ ಮಜ್ಜಿಗೆ ಒಯ್ಯುವ ಕ್ಯಾನು ಅದು. ನೀರು ಹಾಕಿ ಕುಲುಕಿ ಚೆಲ್ಲಿ ತಗೊಂಡೆ.

ತೋಟದಲ್ಲಿ ಹಾಲು ಅಳೆದುಕೊಟ್ಟವಳು ಅಲ್ಲಿನ ಟ್ಯಾಪಿಂಗ್ ಮಾಡುವ ಹೆಂಗಸು. ಬೆಳಕು ಹರಿಯುವ ಮೊದಲೇ ಮರದಿಂದ ಮರಕ್ಕೆ ಹೋಗಿ ತೊಗಟೆಯನ್ನು ಓರೆಯಾಗಿ ಕೆತ್ತಿ, ಕಟ್ಟಿದ ಬಟ್ಟಲಿಗೆ ಹಾಲು ಇಳಿಸುವ ಕೆಲಸ. ನಲವತ್ತೈದರ ಆಸುಪಾಸಿನ, ಸಣ್ಣ ಮೈಯ, ದೊಡ್ಡ ಗಂಟಲಿನ ಹೆಂಗಸು. ಕ್ಯಾನಿನ ಮುಚ್ಚಳ ತೆಗೆದು ಮೂಸಿ ನನ್ನ ಮುಖ ನೋಡಿದಳು.

"ಅಮೋನಿಯ ಎರಡು ಹನಿ ಹಾಕ್ಲಾ ಮೇಡಂ? ದೂರ ಹೋಗ್ಬೇಕಲ್ಲ, ಹಾಲು ಕೆಡದೆ ಇರ್ತದೆ."

"ಬೇಡ ಬೇಡ. ಮಧ್ಯಾಹ್ನಕ್ಕೆ ಕ್ಲಾಸು. ಅಷ್ಟರೊಳಗೆ ಏನೂ ಆಗಲ್ಲ, ನನಗೆ ಗೊತ್ತು."

"ಹಂಗಾರೆ ಸರಿ" ಎಂದಳು. ಆ ಸರಿಯಲ್ಲಿ ಏನೋ ಇತ್ತು. ಡಾಕ್ಟರೇಟು ಇದ್ದವರಿಗೆ ಅಂಥದ್ದು ಕೇಳಿಸುವುದಿಲ್ಲ.

ಮಧ್ಯಾಹ್ನ ಎರಡೂವರೆಗೆ ಶೃಂಗೇರಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಶಿಕ್ಷಕರೂ ಹಿಂದೆ ಕುರ್ಚಿ ಹಾಕಿಕೊಂಡಿದ್ದರು, ಮುಖ್ಯೋಪಾಧ್ಯಾಯರು ಮಾತ್ರ ಮುಂದೆ, ನನ್ನ ಮೇಜಿನ ಪಕ್ಕ. ಹಾಲಿನಂಥ ಈ ದ್ರವದಲ್ಲಿ ಕೋಟ್ಯಂತರ ಸಣ್ಣ ಕಣಗಳು ತೇಲುತ್ತಿವೆ, ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ, ದಾಯಾದಿಗಳ ಹಾಗೆ ದೂರ ದೂರ ಇರುತ್ತವೆ ಎಂದೆಲ್ಲ ಇಪ್ಪತ್ತು ನಿಮಿಷ ರಸವತ್ತಾಗಿ ಹೇಳಿದೆ. "ಈಗ ನೋಡಿ" ಎಂದು ಕ್ಯಾನನ್ನು ಗಾಜಿನ ಪಾತ್ರೆಗೆ ಬಗ್ಗಿಸಿದೆ. ಏನೂ ಬರಲಿಲ್ಲ. ಇನ್ನೂ ಬಗ್ಗಿಸಿದೆ. ಒಂದಿಷ್ಟು ಹಳದಿ ನೀರು ಬಂತು. ಪೂರ್ತಿ ಬುಡಮೇಲು ಮಾಡಿ ತಟ್ಟಿದೆ. ಕ್ಯಾನಿನದೇ ಆಕಾರದ, ಬಿಳಿ, ಮೆತ್ತನೆಯ ದೊಡ್ಡ ಮುದ್ದೆಯೊಂದು ಧಡ್ ಎಂದು ಮೇಜಿನ ಮೇಲೆ ಬಿದ್ದು, ಎರಡು ಸಲ ಪುಟಿದು, ಮುಖ್ಯೋಪಾಧ್ಯಾಯರ ಮಡಿಲಿಗೆ ಹೋಯಿತು.

ದಾಯಾದಿಗಳೆಲ್ಲ ದಾರಿಯಲ್ಲೇ ಒಂದಾಗಿಬಿಟ್ಟಿದ್ದರು. ಮಕ್ಕಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಯಾವ ಶಾಲೆಯಲ್ಲೂ ನೋಡಿಲ್ಲ. ಒಬ್ಬಳು ಎದ್ದು, "ಮಿಸ್, ಇದು ಇಡ್ಲಿಯಾ?" ಎಂದು ಕೇಳಿದಳು.

ಮಾರನೆಯ ದಿನ ತೋಟಕ್ಕೆ ಮತ್ತೆ ಹೋಗಿ ನಡೆದದ್ದನ್ನು ಹೇಳಿದೆ. ಆ ಹೆಂಗಸು ಕೆತ್ತುವ ಚಾಕುವನ್ನು ಮರಕ್ಕೆ ಒರಗಿಸಿಟ್ಟು, ನೆಲದ ಮೇಲೆ ಕೂತು ನಕ್ಕಳು. ನಗು ನಿಂತಿತು ಅನ್ನುವಷ್ಟರಲ್ಲಿ "ಅವ್ರ ಮಡಿಲಿಗೇ ಬಿತ್ತಾ?" ಎಂದು ಕೇಳಿ ಮತ್ತೆ ಶುರು ಮಾಡಿದಳು.

"ಮಜ್ಜಿಗೆ ಕ್ಯಾನು ಅಂತ ನಂಗೆ ವಾಸನೆಗೇ ಗೊತ್ತಾಯ್ತು ಮೇಡಂ. ಹುಳಿ ಪಾತ್ರೆಗೆ ದನದ ಹಾಲು ಹಾಕಿದ್ರೆ ಒಡೆಯದಿಲ್ವಾ? ಇದೂ ಹಾಲೇ ಅಲ್ವಾ?"

"ಮತ್ತೆ ಹೇಳಬೇಕಿತ್ತಲ್ಲ ಮಾರಾಯ್ತಿ!"

"ನಂಗೆ ಗೊತ್ತು ಅಂದ್ರಲ್ಲ ನೀವು."

ಹಾಲು ಗಟ್ಟಿಯಾಗಲು ತೋಟದಲ್ಲಿ ಫಾರ್ಮಿಕ್ ಆಮ್ಲ ಬೆರೆಸುತ್ತಾರೆ. ಅದರ ಬಾಟಲಿಯನ್ನು ತೋರಿಸಿ, ಇದು ಏನು ಗೊತ್ತಾ ಎಂದು ಕೇಳಿದೆ, ಕಳೆದ ಮರ್ಯಾದೆಯಲ್ಲಿ ಸ್ವಲ್ಪವಾದರೂ ವಾಪಸ್ಸು ಬರಲಿ ಎಂದು.

"ಚಗಳಿದು" ಎಂದಳು.

ಚಗಳಿ ಅಂದರೆ ನಮ್ಮ ಕಡೆ ಮರದ ಎಲೆಗಳನ್ನು ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಅದನ್ನು ಹುರಿದು, ಮೆಣಸಿನಕಾಯಿ ಹಾಕಿ ಅರೆದ ಚಟ್ನಿಯನ್ನು ನಾನೂ ಚಿಕ್ಕಂದಿನಲ್ಲಿ ಬೆರಳು ನೆಕ್ಕಿ ತಿಂದವಳೇ. "ಚಗಳಿ ಗೂಡು ಒಡೆದ್ರೆ ಮೂಗಿಗೆ ಹೊಡೀತದಲ್ಲ, ಅದೇ ವಾಸನೆ ಈ ಆಸಿಡ್ಡಿಗೂ. ಕೈಗೆ ಬಿದ್ರೆ ಅದು ಕಚ್ಚಿದ ಹಂಗೇ ಉರೀತದೆ. ಅದನ್ನೇ ಹಿಂಡಿ ಬಾಟ್ಲಿಗೆ ತುಂಬ್ತಾರೆ ಅಂತ ನಾನು ಅಂದ್ಕೊಂಡಿದ್ದು" ಎಂದಳು. ಹಿಂಡುವುದಿಲ್ಲ, ಕಾರ್ಖಾನೆಯಲ್ಲಿ ಮಾಡುತ್ತಾರೆ, ಅಷ್ಟು ಬಿಟ್ಟರೆ ಅವಳು ಹೇಳಿದ್ದು ಅಕ್ಷರಶಃ ಸರಿ. ಆ ಆಮ್ಲ ಮೊದಲು ಸಿಕ್ಕಿದ್ದೇ ಇರುವೆಯಿಂದ. ನಾನು ಮೂವತ್ತು ವರ್ಷ ಅದರ ಸೂತ್ರವನ್ನು ಬೋರ್ಡಿನ ಮೇಲೆ ಬರೆದಿದ್ದೆ. ಒಂದು ಸಲವೂ ನನ್ನ ಅಮ್ಮನ ಚಟ್ನಿ ನೆನಪಾಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರಾ?

ಇವಳೇ ಪಾಠ ಮಾಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಅವಳ ಟ್ಯಾಪಿಂಗ್ ಹನ್ನೊಂದಕ್ಕೆಲ್ಲ ಮುಗಿಯುತ್ತದೆ. ವಾರಕ್ಕೊಂದು ದಿನ ನನ್ನ ಜೊತೆ ಶಾಲೆಗೆ ಬಾ, ನೀನು ದಿನಾ ಮಾಡುವುದನ್ನೇ ಮಾಡಿ ತೋರಿಸು, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಎಂದೆ. ಮೊದಲು ನಾಚಿದಳು, ಆಮೇಲೆ ಒಪ್ಪಿದಳು. ಒಂದೇ ಷರತ್ತು ಹಾಕಿದಳು.

"ಎಲ್ಲಿಗೆ ಬೇಕಾರೂ ಬರ್ತೀನಿ. ನನ್ ಮಗಳ ಶಾಲೆಗೆ ಮಾತ್ರ ಬ್ಯಾಡ."

ಮಗಳು ಒಬ್ಬಳೇ. ನರಸಿಂಹರಾಜಪುರದ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ಕ್ಲಾಸು. ತಾಯಿ ಮಗಳು ಇರುವುದು ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ, ರಬ್ಬರ್ ಶೀಟುಗಳನ್ನು ಹೊಗೆಗೆ ಹಾಕುವ ಕೋಣೆಯ ಪಕ್ಕದಲ್ಲಿ. ಹುಳಿತ ರಬ್ಬರಿನ ವಾಸನೆ ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಗೊತ್ತಿದ್ದವರಿಗೆ ಹೇಳುವುದು ಬೇಡ. ಬಟ್ಟೆ, ಕೂದಲು, ಪುಸ್ತಕದ ಚೀಲ, ಎಲ್ಲಕ್ಕೂ ಹತ್ತುತ್ತದೆ. ಎಂಟನೇ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ಮೂಗು ಮುಚ್ಚಿಕೊಂಡು ಬೆಂಚು ಬದಲಿಸಿದಳಂತೆ. ಆವತ್ತಿನಿಂದ ಮಗಳು ಬೆಳಿಗ್ಗೆ ಎರಡು ಸಲ ಸೋಪು ಹಚ್ಚುತ್ತಾಳೆ, ಮಲ್ಲಿಗೆ ವಾಸನೆಯ ಪೌಡರು ಬಳಿದುಕೊಳ್ಳುತ್ತಾಳೆ, ಅಮ್ಮ ಪೇಟೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ ಎಂದು ಶಾಲೆಯಲ್ಲಿ ಹೇಳಿದ್ದಾಳೆ, ಶಾಲೆಯ ಸುದ್ದಿಯನ್ನು ಮನೆಯಲ್ಲಿ ಎತ್ತುವುದೇ ಇಲ್ಲ.

"ಅದ್ರದ್ದೂ ತಪ್ಪಿಲ್ಲ ಮೇಡಂ. ಅದು ಅಲ್ಲಿ ಕೂತು ಓದ್ಬೇಕಲ್ಲ. ನಾನು ಹೋಗಿ ಎಂತಕ್ಕೆ ಹಾಳು ಮಾಡ್ಲಿ?"

ನನಗೆ ಸಿಟ್ಟು ಬಂತು. ನೀನು ಕದಿಯುತ್ತಿದ್ದೀಯಾ, ದುಡಿದು ತಿನ್ನಲು ನಾಚಿಕೆ ಯಾಕೆ, ಮಗಳಿಗೆ ನೀನೇ ಬುದ್ಧಿ ಹೇಳಬೇಕು, ಹೀಗೆ ಮರದ ಕೆಳಗೆ ನಿಂತು ಕಾಲು ಗಂಟೆ ಭಾಷಣ ಮಾಡಿದೆ. ಅವಳು ಬಟ್ಟಲಿಂದ ಬಕೆಟ್ಟಿಗೆ ಹಾಲು ಸುರಿಯುತ್ತಾ ಕೇಳಿಸಿಕೊಂಡಳು. ಚೆನ್ನಾಗಿ ಮಾತಾಡ್ತೀರಿ ಎಂದಳು.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾನು ತಿಂದ ಬದನೆಕಾಯಿಯ ಕಥೆಯನ್ನು ಇಲ್ಲಿ ಹೇಳಿಬಿಡುತ್ತೇನೆ. ನನ್ನ ಅಮ್ಮ ನಮ್ಮೂರು ಭಂಡಿಗಡಿಯಲ್ಲಿ ಬೇರೆಯವರ ಮನೆಯ ಅಡಿಕೆ ಸುಲಿದು ನಮ್ಮನ್ನು ಸಾಕಿದವಳು. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಬೆರಳು ನೋಡಿದ್ದೀರಾ? ಕಾಯಿಯ ರಸ ಹತ್ತಿ ಹತ್ತಿ ಉಗುರಿನ ಬುಡದವರೆಗೆ ಕಪ್ಪಾಗುತ್ತದೆ. ಸೀಗೆಪುಡಿಗೂ ಹೋಗುವುದಿಲ್ಲ, ಹುಣಿಸೆಹಣ್ಣಿಗೂ ಹೋಗುವುದಿಲ್ಲ. ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದಾಗ ಒಂದು ದಿನ ಅಮ್ಮ ಹೇಳದೆ ಕೇಳದೆ ಬಂದಳು, ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು. ನನ್ನ ರೂಮಿನ ಹುಡುಗಿಯರು ಅವಳ ಕೈಯನ್ನೇ ನೋಡುತ್ತಿದ್ದರು. ಯಾರೇ ಇವರು ಎಂದು ಒಬ್ಬಳು ಕೇಳಿದಳು. ನಾನು, "ನಮ್ಮ ಊರಿನವರು" ಎಂದೆ.

ಅಮ್ಮ ಒಂದು ಕ್ಷಣವೂ ತಡ ಮಾಡಲಿಲ್ಲ. "ಹೌದು, ಪಕ್ಕದ ಮನೆ ನಮ್ದು. ಇವಳ ಅಮ್ಮ ಕೊಟ್ಟು ಕಳ್ಸಿದ್ದು" ಎಂದು ಕಟ್ಟನ್ನು ನನ್ನ ಕೈಗಿತ್ತಳು. ಕೈಯನ್ನು ಸೆರಗಿನೊಳಗೆ ಮಾಡಿಕೊಂಡು ಹೊರಟಳು. ಆಮೇಲೆ ಅವಳು ಹದಿನೆಂಟು ವರ್ಷ ಬದುಕಿದ್ದಳು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಪ್ಪಳ ಬಹಳ ಚೆನ್ನಾಗಿತ್ತು ಎಂದು ಹುಡುಗಿಯರು ಹೇಳಿದ್ದು ನೆನಪಿದೆ.

ಇಷ್ಟೆಲ್ಲ ಇದ್ದೂ ಮರದ ಕೆಳಗೆ ನಿಂತು ಭಾಷಣ ಮಾಡಿದೆನಲ್ಲ, ಪ್ರೊಫೆಸರುಗಳ ಜಾತಿಯೇ ಅಂಥದ್ದು.

ಷರತ್ತಿಗೆ ಒಪ್ಪಿ ಅವಳನ್ನು ಕರೆದುಕೊಂಡು ಹೊರಟೆ. ಕೊಪ್ಪದ ಎರಡು ಶಾಲೆ, ಶೃಂಗೇರಿಯ ಆ ಹಳೆಯ ಶಾಲೆ, ಎಲ್ಲ ಕಡೆ ಅವಳದೇ ಕಾರುಬಾರು. ಶೃಂಗೇರಿಯ ಮುಖ್ಯೋಪಾಧ್ಯಾಯರು ಈ ಸಲ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂತಿದ್ದರು. ಅವಳು ಮೊದಲು ಹಾಲನ್ನು ಬೆರಳಿನಿಂದ ಮುಟ್ಟಿಸುತ್ತಿದ್ದಳು. ಆಮೇಲೆ ಚಗಳಿ ಚಟ್ನಿ ತಿಂದವರು ಕೈ ಎತ್ತಿ ಎನ್ನುತ್ತಿದ್ದಳು. ಅರ್ಧ ಕ್ಲಾಸು ಕೈ ಎತ್ತುತ್ತಿತ್ತು, ಉಳಿದರ್ಧ ಎತ್ತಿದವರನ್ನು ನೋಡಿ ಹುಳಿ ಮುಖ ಮಾಡುತ್ತಿತ್ತು. ಚಮಚದಲ್ಲಿ ಆಮ್ಲ ಹಾಕಿ ತಿರುವಿದರೆ ಹಾಲು ಮೊಸರಿನ ಹಾಗೆ ಹೆಪ್ಪಾಗಿ, ನೋಡುತ್ತಿದ್ದ ಹಾಗೆ ಗಟ್ಟಿಯಾಗುತ್ತಿತ್ತು. ತೋಟದಲ್ಲಾದರೆ ಶೀಟು ಒತ್ತುವ ಮಿಷಿನ್ನು ಇದೆ. ನಾವು ತಮ್ಮನ ಹೆಂಡತಿಯ ಚಪಾತಿ ಲಟ್ಟಣಿಗೆ ಒಯ್ಯುತ್ತಿದ್ದೆವು. ಆ ಲಟ್ಟಣಿಗೆ ಮತ್ತೆ ಅಡುಗೆಮನೆಗೆ ಸೇರಲಿಲ್ಲ. ಹೊಸದು ತಂದುಕೊಡುವವರೆಗೆ ತಮ್ಮನ ಹೆಂಡತಿ ನನ್ನ ಹತ್ತಿರ ಮಾತು ಬಿಟ್ಟಿದ್ದಳು.

ಪಾಠದ ನಡುವೆ ನಾನು ಪಾಲಿಮರ್ ಸರಪಳಿಯ ಬಗ್ಗೆ ಬಾಯಿ ಹಾಕಿದರೆ, "ಮೇಡಂ, ಮಕ್ಳು ಆಕಳಿಸ್ತಾ ಇದ್ದಾವೆ" ಎಂದು ಮೆಲ್ಲಗೆ ಹೇಳುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಈ ಒಂದು ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಬಹುಶಃ ಅವರೂ ಆಕಳಿಸುತ್ತಿದ್ದರು.

ಆಮೇಲೆ ಬಾಳೆಹೊನ್ನೂರಿನಲ್ಲಿ ಸುತ್ತಲಿನ ಶಾಲೆಗಳನ್ನೆಲ್ಲ ಸೇರಿಸಿ ಒಂದು ದಿನದ ವಿಜ್ಞಾನ ಮೇಳ ಮಾಡುತ್ತೇವೆ, ನಿಮ್ಮ ರಬ್ಬರ್ ಪಾಠವೇ ಮುಖ್ಯ ಆಕರ್ಷಣೆ ಎಂದು ಕೆಲವು ಶಿಕ್ಷಕರು ಫೋನು ಮಾಡಿದರು. ಬರುವ ಶಾಲೆಗಳ ಪಟ್ಟಿ ನನ್ನ ವಾಟ್ಸಾಪಿಗೆ ಬಂತು. ಆರನೇ ಹೆಸರು ಅವಳ ಮಗಳ ಶಾಲೆಯದು.

ಆ ಪಟ್ಟಿಯನ್ನು ನಾನು ಅವಳಿಗೆ ತೋರಿಸಲಿಲ್ಲ. ಮರೆತೆ ಎಂದು ಬರೆದುಕೊಳ್ಳಬಹುದು, ಕೇಳುವವರು ಯಾರೂ ಇಲ್ಲ. ಆದರೆ ಮರೆತಿರಲಿಲ್ಲ. ಬೇಕೆಂದೇ ಹೇಳಲಿಲ್ಲ. ಎಲ್ಲ ಶಾಲೆಯಲ್ಲೂ ಮಕ್ಕಳು ಅವಳಿಗೆ ಚಪ್ಪಾಳೆ ಹೊಡೆದಿದ್ದಾರೆ, ಮಗಳೂ ಒಂದು ಸಲ ನೋಡಲಿ, ಹೆಮ್ಮೆ ತಾನಾಗಿ ಬರುತ್ತದೆ ಎಂದು ನನ್ನ ಲೆಕ್ಕಾಚಾರ. ಅಮೋನಿಯ ಬೇಡ, ನನಗೆ ಗೊತ್ತು ಎಂದವಳದೇ ಲೆಕ್ಕಾಚಾರ.

ಆ ದಿನ ಬಾಳೆಹೊನ್ನೂರಿನ ಸಭಾಭವನದಲ್ಲಿ ಮೊದಲ ಮುಕ್ಕಾಲು ಗಂಟೆ ಎಂದಿನ ಹಾಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮ ಪೂರ್ವಜರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂದು ಅಧ್ಯಕ್ಷರು ವಿವರವಾಗಿ ಹೇಳಿದರು. ಹಾಗಾದರೆ ಇವತ್ತಿನ ಮೇಳ ಯಾಕೆ ಎಂದು ನಾನು ಕೇಳಲಿಲ್ಲ, ಶಾಲು ಆಗಲೇ ಹೊದ್ದುಕೊಂಡಾಗಿತ್ತು. ನಮ್ಮ ಸರದಿ ಬಂದಾಗ ಅವಳು ವೇದಿಕೆಗೆ ಹತ್ತಿ, ಮೇಜಿನ ಮೇಲೆ ಟ್ರೇ ಇಟ್ಟು, ಹಾಲಿನ ಕ್ಯಾನು ತೆಗೆದಳು. ತಲೆ ಎತ್ತಿ ಮಕ್ಕಳನ್ನು ನೋಡಿದಳು. ಅವಳ ಕೈ ನಿಂತಿತು.

ಮೂರನೇ ಸಾಲಿನಲ್ಲಿ, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡ ಒಬ್ಬಳು ಹುಡುಗಿ ನೆಲ ನೋಡುತ್ತಾ ಕೂತಿದ್ದಳು.

"ನಿಮ್ಗೆ ಗೊತ್ತಿತ್ತಾ?" ಎಂದು ಅವಳು ನನ್ನನ್ನು ಕೇಳಿದಳು, ಮೈಕಿಗೆ ಕೇಳದ ಹಾಗೆ. ನಾನು ನನ್ನ ಟ್ರಂಕಿನೊಳಗೆ ಏನೋ ಹುಡುಕಿದೆ.

ಅವಳು ಪಾಠ ಶುರು ಮಾಡಿದಳು. ದನಿ ಎಂದಿನಷ್ಟು ದೊಡ್ಡದಿರಲಿಲ್ಲ. ಚಗಳಿ ಚಟ್ನಿಯ ಪ್ರಶ್ನೆ ಕೇಳಲೇ ಇಲ್ಲ. ಟ್ರೇಗೆ ಹಾಲು ಸುರಿದು ಆಮ್ಲ ಹಾಕಿ ತಿರುವುತ್ತಿದ್ದಳು. ಸುಮ್ಮನೆ ಕೂರಲಾಗದ ಅಧ್ಯಕ್ಷರು ತಮ್ಮ ಮೈಕು ಹಿಡಿದು, "ಬಹಳ ಸಂತೋಷ ಅಮ್ಮ. ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ?" ಎಂದು ಕೇಳಿದರು.

ಅವಳು ತಿರುವುವುದನ್ನು ನಿಲ್ಲಿಸಲಿಲ್ಲ.

"ನಂಗೆ ಮಕ್ಳಿಲ್ಲ ಸಾರ್."

ಪಕ್ಕದ ಮನೆ ನಮ್ದು, ಇವಳ ಅಮ್ಮ ಕೊಟ್ಟು ಕಳ್ಸಿದ್ದು. ಅದೇ ದನಿ, ಅಷ್ಟೇ ಸಲೀಸು. ಬದುಕಿನಲ್ಲಿ ಎರಡನೇ ಸಲ ಒಬ್ಬ ತಾಯಿಯ ಬಾಯಿಯಿಂದ ನಾನು ಈ ಸುಳ್ಳು ಹೇಳಿಸಿದ್ದೆ. ಆಗ ಹತ್ತೊಂಬತ್ತು ವರ್ಷ, ಬುದ್ಧಿ ಇರಲಿಲ್ಲ ಎನ್ನಬಹುದು. ಈಗ ಏನು ಹೇಳಲಿ? ಕಾರ್ಯಕ್ರಮ ನಿಲ್ಲಿಸಿ ಅವಳನ್ನು ಕರೆದುಕೊಂಡು ಹೋಗಿಬಿಡಬೇಕು ಅನ್ನಿಸಿತು. ಧೈರ್ಯ ಬರಲಿಲ್ಲ.

ಹಾಲು ಗಟ್ಟಿಯಾಯಿತು. ಅವಳು ಬಿಳಿ ಗಟ್ಟಿಯನ್ನು ಮೇಜಿನ ಮೇಲೆ ಹಾಕಿ ಅಂಗೈಯಿಂದ ಒತ್ತಿದಳು, ಹುಳಿ ನೀರು ಹರಿಯಿತು, ಮೊದಲ ಸಾಲಿನ ಮಕ್ಕಳು ಮೂಗು ಹಿಡಿದುಕೊಂಡರು. ಲಟ್ಟಿಸುವಾಗ ಇನ್ನೊಂದು ತುದಿಯನ್ನು ಯಾರಾದರೂ ಎಳೆದು ಹಿಡಿಯಬೇಕು. ಬೇರೆ ಶಾಲೆಗಳಲ್ಲಿ ಅದಕ್ಕೆ ಮಕ್ಕಳ ನೂಕುನುಗ್ಗಲು. ಆವತ್ತು ಅವಳು ಯಾರನ್ನೂ ಕರೆಯಲಿಲ್ಲ. ನಾನೇ ಹಿಡಿಯೋಣವೆಂದು ಶಾಲು ತೆಗೆಯುತ್ತಿದ್ದೆ. ಅಷ್ಟರಲ್ಲಿ ಮೂರನೇ ಸಾಲಿನ ಕೆಂಪು ರಿಬ್ಬನ್ನು ಎದ್ದು ನಿಂತಿತು. ಬೆಂಚಿನ ಸಾಲು ದಾಟಿ, ವೇದಿಕೆಯ ಮೆಟ್ಟಿಲು ಹತ್ತಿ ಬಂತು.

"ನೀನು ಬ್ಯಾಡ, ಹೋಗು, ಕೂತ್ಕೊ" ಎಂದಳು ತಾಯಿ, ಅವಳ ಮುಖ ನೋಡದೆ.

ಹುಡುಗಿ ಕೂರಲಿಲ್ಲ. ತುದಿಯನ್ನು ಹಿಡಿದಳು. ಮೊದಲ ಸಲ ಮುಟ್ಟುವ ಮಕ್ಕಳು ಅದನ್ನು ಹಿಡಿದಾಗ ಕೈ ಜಾರುತ್ತದೆ, ಇಲ್ಲ ಹರಿಯುತ್ತದೆ. ಇವಳು ಹೆಬ್ಬೆರಳನ್ನು ಒಳಗೆ ಮಡಚಿ, ತಾಯಿ ಒತ್ತಿದಷ್ಟೇ ತಾನು ಬಿಡುತ್ತಾ, ಬಿಟ್ಟಷ್ಟೇ ಎಳೆಯುತ್ತಾ, ದಿನವೂ ಮಾಡುವವರ ಹಾಗೆ ಹಿಡಿದಳು. ಲಟ್ಟಣಿಗೆ ಎರಡು ಸಲ ಹೋಗಿ ಬಂತು. ಶೀಟು ಹಾಳೆಯ ಹಾಗೆ ತೆಳ್ಳಗಾಗುತ್ತಾ ಬಂತು. ಸಭಾಭವನದಲ್ಲಿ ಗಲಾಟೆ ನಿಂತಿತ್ತು. ಅವಳ ಶಾಲೆಯ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಶೀಟನ್ನು ತಿರುಗಿಸುವಾಗ ಹುಡುಗಿಯ ಮೊಣಕೈ ಕ್ಯಾನಿಗೆ ತಾಗಿತು. ಉಳಿದಿದ್ದ ಹಾಲು ಮೇಜಿನ ಮೇಲೆ ಹರಿದು ಸೀದಾ ಅವಳ ಬಿಳಿ ಅಂಗಿಯ ತೋಳಿಗೆ, ನೀಲಿ ಲಂಗಕ್ಕೆ ಬಂತು. ರಬ್ಬರ್ ಹಾಲು ಬಟ್ಟೆಗೆ ಬಿದ್ದರೆ ಮುಗಿಯಿತು, ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ.

"ಅಯ್ಯೋ ಕೂಸೇ, ಯೂನಿಫಾರಮ್ಮು!" ಎಂದು ತಾಯಿ ಕಿರುಚಿದಳು. ಈ ಸಲ ಅವಳ ಮಾಮೂಲಿ ಗಂಟಲು, ಮೈಕು ಬೇರೆ ಮುಂದೆ ಇತ್ತು. "ನಾಳಿಗೆ ಎಂತ ಹಾಕ್ಕೊಂಡು ಹೋಗ್ತೀಯೇ? ಇನ್ನೊಂದು ಜೊತೆ ನೆನೆಸಿಟ್ಟು ಬಂದಿದ್ದೀನಲ್ಲೇ!"

ಇಡೀ ಸಭಾಭವನ ಕೇಳಿಸಿಕೊಂಡಿತು. ತಾಯಿ ಲಟ್ಟಣಿಗೆ ಹಿಡಿದವಳು ಹಾಗೇ ನಿಂತಳು. ತಾನು ಏನು ಹೇಳಿದೆ ಎಂದು ಅವಳಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು.

"ಮಕ್ಕಳಿಲ್ಲ ಅಂದ್ರಲ್ಲಮ್ಮ?" ಎಂದರು ಅಧ್ಯಕ್ಷರು.

ಹುಡುಗಿ ಮೈಕಿನ ಕಡೆ ಬಗ್ಗಿದಳು.

"ನಾನೊಬ್ಳು ಇದ್ದೀನಿ ಸಾರ್" ಎಂದಳು.

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಇನ್ನೊಬ್ಬರು ನಕ್ಕರು, ಕೊನೆಗೆ ಹುಡುಗಿಯೇ ನಕ್ಕಳು. ತಾಯಿ ನಗಲಿಲ್ಲ. ಸೆರಗಿನಿಂದ ಮಗಳ ತೋಳನ್ನು ಉಜ್ಜುತ್ತಿದ್ದಳು, ಹೋಗುವುದಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೂ. ಉಳಿದ ಪಾಠವನ್ನು ಮುಗಿಸಿದ್ದು ಮಗಳು. ಚಗಳಿ ಚಟ್ನಿ ತಿಂದವರು ಕೈ ಎತ್ತಿ ಎಂದು ಅವಳೇ ಕೇಳಿದಳು. ಮೊದಲು ಎತ್ತಿದ್ದು ಅವಳದೇ ಕೈ.

ಕಾರ್ಯಕ್ರಮ ಮುಗಿದ ಮೇಲೆ ಭವನದ ಹಿಂದಿನ ನಲ್ಲಿಯ ಹತ್ತಿರ ಅವರಿಬ್ಬರೂ ಟ್ರೇ ತೊಳೆಯುತ್ತಿದ್ದರು. ಮಗಳ ಜೊತೆ ಅವಳ ಶಾಲೆಯ ಹುಡುಗಿಯೊಬ್ಬಳು ನಿಂತು, ಉಳಿದ ರಬ್ಬರಿನಲ್ಲಿ ಚೆಂಡು ಮಾಡಿಕೊಡೇ ಎಂದು ಪೀಡಿಸುತ್ತಿದ್ದಳು. ಅವಳ ಮೂಗು ತೆರೆದೇ ಇತ್ತು. ನಾನು ಸ್ವಲ್ಪ ದೂರದಲ್ಲಿ ನಿಂತು ಅಳುತ್ತಿದ್ದೆ. ಅತ್ತೆ ಎಂದು ಬರೆಯಲು ಈಗ ನಾಚಿಕೆಯಿಲ್ಲ. ಈ ಮಗು ಹತ್ತನೇ ಕ್ಲಾಸಿನಲ್ಲಿ ಮಾಡಿದ್ದನ್ನು ನಾನು ಪ್ರೊಫೆಸರಾದ ಮೇಲೂ ಮಾಡಲಿಲ್ಲವಲ್ಲ, ಅಮ್ಮ ಹೋಗಿಯೇಬಿಟ್ಟಳಲ್ಲ ಎಂದು ಅತ್ತೆ.

ಹುಡುಗಿ ನನ್ನನ್ನು ನೋಡಿಬಿಟ್ಟಳು. "ಎಂತ ಆಯ್ತು ಮೇಡಂ ಕಣ್ಣಿಗೆ?"

"ಏನಿಲ್ಲ. ಅಮೋನಿಯ ಸ್ವಲ್ಪ ಜಾಸ್ತಿಯಾಗಿತ್ತು" ಎಂದೆ.

ತಾಯಿ ಟ್ರೇ ತೊಳೆಯುವುದನ್ನು ಬಿಟ್ಟು ತಿರುಗಿದಳು. ವೇದಿಕೆಯ ಮೇಲೆ ಆ ಒಂದು ಪ್ರಶ್ನೆ ಕೇಳಿದ ಮೇಲೆ ನನ್ನ ಮುಖ ನೋಡಿ ಮಾತಾಡಿರಲಿಲ್ಲ. "ಇವತ್ತು ಅಮೋನಿಯ ಹಾಕ್ಲೇ ಇಲ್ಲ ಮೇಡಂ" ಎಂದಳು. "ಬೆಳಗಿನ ಹಾಲು, ಮುಕ್ಕಾಲು ಗಂಟೆ ದಾರಿ. ಎಂತಕ್ಕೆ ಅಂತ ಬಿಟ್ಟೆ."

ರಸಾಯನಶಾಸ್ತ್ರದಲ್ಲಿ ಅವಳೆದುರು ನಾನು ಸುಳ್ಳು ಹೇಳುವ ಹಾಗಿರಲಿಲ್ಲ. ಪಟ್ಟಿಯ ವಿಷಯ ಹೇಳಿದೆ. ಗೊತ್ತಿದ್ದೂ ಹೇಳಲಿಲ್ಲ, ತಪ್ಪಾಯಿತು ಎಂದೆ. ಅವಳು ಟ್ರೇಯನ್ನು ಕವುಚಿ ನೀರು ಬಸಿದಳು. ಆಮೇಲೆ ಅಲ್ಲೇ, ನಲ್ಲಿಯ ಪಕ್ಕ ನಿಂತು, ಹಾಸ್ಟೆಲಿಗೆ ಹಪ್ಪಳ ತಂದವಳ ವಿಷಯ ಹೇಳಿದೆ. ಅದುವರೆಗೆ ಅದನ್ನು ತಮ್ಮನಿಗೂ ಹೇಳಿರಲಿಲ್ಲ.

ಮಗಳು ತನ್ನ ಅಂಗಿಯ ತೋಳಿನ ಮೇಲೆ ಒಣಗಿ ಅಂಟಿದ್ದ ರಬ್ಬರನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು.

"ನಿಮ್ಮಮ್ಮನ ಕೈ ಹೆಂಗಿತ್ತು ಮೇಡಂ?"

"ಕಪ್ಪಗಿತ್ತು" ಎಂದೆ.